ಲಕ್ಕಪ್ಪ ಔಷಧಿ ಹಾಕದ ಮಳೆಗಾಲ

ಅಮೀನಗಡದಲ್ಲಿ ಬಸ್ಸಿನ ಟಯರು ಬದಲಿಸುವವರೆಗೆ ಇಳಿದು ನಿಂತಿದ್ದೆ. ಕುರಿಸಂತೆಯ ದಿನ. ಕರದಂಟಿನ ಅಂಗಡಿಗಳ ಮುಂದೆ ಪ್ರಯಾಣಿಕರು ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದರು. ಬೆಲ್ಲ ಕಾಯುವ ವಾಸನೆ ರಸ್ತೆಯ ಈಚೆಗೂ ಬರುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವಾಸನೆಯಲ್ಲ. ಮಳೆಯಲ್ಲಿ ನೆನೆದ ಹೊಸ ಕಂಬಳಿ ಹೊದ್ದ ಮುದುಕನೊಬ್ಬ ಎರಡು ಟಗರುಗಳನ್ನು ಎಳೆದುಕೊಂಡು ನನ್ನ ಪಕ್ಕದಿಂದ ಹಾದುಹೋದ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಉಣಿಸಿರುತ್ತಾರೆ. ನೆನೆದಾಗ ಅದು ಹುಳಿಯೆಂದೂ ಹೇಳಲಾಗದ, ಕೊಳೆತದ್ದೆಂದೂ ಹೇಳಲಾಗದ ಒಂದು ವಾಸನೆ ಬಿಡುತ್ತದೆ. ಅದರಲ್ಲಿ ಕುರಿಯ ಮೈಯ ಜಿಡ್ಡು ಬೆರೆತರೆ ನನ್ನ ಕಣ್ಣ ಮುಂದೆ ಎಂಟೊಂಬತ್ತು ವರ್ಷಗಳ ಹಿಂದಿನ ಒಂದು ಮಳೆಗಾಲ, ಹುನಗುಂದದ ಹತ್ತಿರದ ಒಂದು ಹಟ್ಟಿ, ಅಲ್ಲಿ ಸತ್ತ ಕುರಿಗಳು ಎದ್ದು ಬರುತ್ತವೆ.

ಎದ್ದು ಬರುತ್ತವೆ ಎಂದು ಬರೆದೆನಾದರೂ ಏನು ಎದ್ದು ಬರುತ್ತದೆ ಎಂಬುದು ನನಗೆ ಗೊತ್ತಿಲ್ಲ. ನಡೆದದ್ದೋ, ನಡೆದದ್ದರ ಬಗ್ಗೆ ನನಗೆ ನಾನೇ ಹೇಳಿಕೊಂಡು ಸವೆಸಿದ ಕಥೆಯೋ? ಅದು ಎಪ್ಪತ್ತೆಂಟನೆಯ ಇಸವಿಯೋ ಎಪ್ಪತ್ತೊಂಬತ್ತೋ ಎಂಬುದೇ ಖಚಿತವಿಲ್ಲ. ಪ್ರಬಂಧದ ಮುಖಪುಟದಲ್ಲಿರುವುದು ಅದನ್ನು ಒಪ್ಪಿಸಿದ ಇಸವಿ. ಟಿಪ್ಪಣಿ ಪುಸ್ತಕಗಳಲ್ಲಿ ಅರ್ಧವನ್ನು ಬಾಗಲಕೋಟೆಯ ನಮ್ಮ ಮನೆಯ ಗೆದ್ದಲು ತಿಂದಿದೆ. ಉಳಿದ ಅರ್ಧದಲ್ಲಿ ಹುಳುಗಳ ಎಣಿಕೆಯಿದೆ. ಹುಳುಗಳ ಎಣಿಕೆಯಲ್ಲಿ ಮಾತ್ರ ನಾನು ಎಂದೂ ತಪ್ಪಿದವನಲ್ಲ.

ಆಗ ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಕುರಿಯ ಹೊಟ್ಟೆಯ ಒಂದು ಹುಳು, ಆ ಹುಳುವಿನ ಒಂದು ಕಿಣ್ವ, ಇಷ್ಟೇ ನನ್ನ ವಿಷಯ. ಕುರಿಗೆ ನಾಲ್ಕು ಹೊಟ್ಟೆಗಳು. ನಾಲ್ಕನೆಯದರ ಗೋಡೆಗೆ ಬಾಯಿ ಹಚ್ಚಿ ಈ ಹುಳು ರಕ್ತ ಕುಡಿಯುತ್ತದೆ. ಹೆಣ್ಣುಹುಳು ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಸಿರಿನ ಬಿಳಿ ನಾಳ ಹೆಣೆದುಕೊಂಡು, ಎರಡು ಬಣ್ಣದ ದಾರ ಹೊಸೆದಂತೆ ಕಾಣುತ್ತದೆ. ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು ಮಳೆಯ ತೇವದಲ್ಲಿ ಮರಿಯಾಗುತ್ತವೆ. ಮರಿ ಎರಡು ಸಲ ಚರ್ಮ ಬದಲಿಸುತ್ತದೆ, ಆದರೆ ಎರಡನೆಯ ಸಲ ಹಳೆಯದನ್ನು ಕಳಚುವುದಿಲ್ಲ, ಅಂಗಿಯಂತೆ ತೊಟ್ಟುಕೊಂಡೇ ಇರುತ್ತದೆ. ಬಾಯಿ ಮುಚ್ಚಿದ ಆ ಅಂಗಿಯೊಳಗೆ ಏನೂ ತಿನ್ನದೆ, ಹುಲ್ಲಿನ ತುದಿಗೆ ಹತ್ತಿ, ಒಂದು ಹನಿ ನೀರಿನಲ್ಲಿ ಕಾಯುತ್ತದೆ. ಕುರಿ ಆ ಹುಲ್ಲನ್ನು ಮೇಯ್ದು ಒಳಗಿನ ಬಿಸಿ ತಗುಲಿದ ಮೇಲೆ ಮರಿ ಒಂದು ರಸ ಬಿಡುತ್ತದೆ. ಆ ರಸದಲ್ಲಿರುವ ಕಿಣ್ವ ಅಂಗಿಯ ಕೊರಳ ಹತ್ತಿರ ಒಂದು ಉಂಗುರದಷ್ಟು ಜಾಗವನ್ನು ಮಾತ್ರ ಕರಗಿಸುತ್ತದೆ. ಟೊಪ್ಪಿಗೆ ಬಿದ್ದಂತೆ ತಲೆಯ ಭಾಗ ಕಳಚುತ್ತದೆ, ಹುಳು ಹೊರಬರುತ್ತದೆ, ಬೆಳೆಯುತ್ತದೆ, ಬಸಿರಾಗುತ್ತದೆ.

ಆ ಕಿಣ್ವ ಲೂಸಿನ್ ಅಮಿನೋಪೆಪ್ಟಿಡೇಸ್ ಎಂದು ಆಗಿನ ಪುಸ್ತಕಗಳು ಹೇಳುತ್ತಿದ್ದವು. ಅದೇ ಕಿಣ್ವ ತಾಯಿಹುಳುವಿನ ಬಸಿರಿನಲ್ಲಿ, ಮೊಟ್ಟೆಗಳ ಸುತ್ತ ಕೂಡ ಇದೆಯೇ ಎಂಬುದು ನನ್ನ ಪ್ರಶ್ನೆ. ಇದ್ದರೆ ಅದೊಂದನ್ನು ತಡೆದು ಹುಳುವಿನ ಬೆಳವಣಿಗೆಯನ್ನೂ ಸಂತಾನವನ್ನೂ ಒಟ್ಟಿಗೆ ನಿಲ್ಲಿಸಬಹುದು. ಇದು ಪ್ರಬಂಧದ ಮೊದಲ ಪುಟದಲ್ಲಿ ಬರೆಯುವ ಮಾತು. ನಿಜ ಹೇಳಬೇಕೆಂದರೆ ನನಗೆ ಹುಳುವನ್ನು ನಿಲ್ಲಿಸುವ ಆಸೆ ಇರಲಿಲ್ಲ. ಮೂರು ವರ್ಷ ಕಳೆದಿದ್ದವು, ಕೈಯಲ್ಲಿ ಒಂದು ಫಲಿತಾಂಶವೂ ಇರಲಿಲ್ಲ, ಶಿಷ್ಯವೇತನ ಆ ವರ್ಷಕ್ಕೆ ಮುಗಿಯುತ್ತಿತ್ತು. ಗುರುಗಳು ನನ್ನೆದುರು ಬೇರೆ ವಿದ್ಯಾರ್ಥಿಗಳ ಹೆಸರು ಹೇಳತೊಡಗಿದ್ದರು.

ಬಸಿರಾದ ಹುಳು ಬೇಕಾದರೆ ಔಷಧಿ ಬೀಳದ ಕುರಿ ಬೇಕು. ಅಂಥ ಕುರಿಯನ್ನು ಹುಡುಕಿಕೊಂಡು ಮಳೆಗಾಲದ ಮೊದಲಲ್ಲಿ ಹುನಗುಂದಕ್ಕೆ ಬಂದು ಒಂದು ಕೋಣೆ ಹಿಡಿದೆ. ಇಳಕಲ್ಲಿನಲ್ಲಿ ಮಾಂಸದಂಗಡಿ ಇಟ್ಟಿದ್ದ ಮಕ್ತುಮಸಾಬ ಎಂಬವನ ಪರಿಚಯವಾಯಿತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಅವನ ಅಂಗಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಅವನು ಬೇಡವೆಂದು ಎಸೆಯುವ ನಾಲ್ಕನೆಯ ಹೊಟ್ಟೆಗಳನ್ನು ಸೀಳಿ ನೋಡುತ್ತಿದ್ದೆ. ಗಿರಾಕಿಗಳೆಲ್ಲ ಮಾಂಸ ಕೇಳಿದರೆ ಈ ಸಾಹೇಬ್ರು ಹುಳ ಕೇಳ್ತಾರೆ, ತೂಕ ಮಾಡಿ ಕೊಡಲೋ ಎಣಿಸಿ ಕೊಡಲೋ ಎಂದು ಅವನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಪೇಟೆಗೆ ಬರುವ ಕುರಿಗಳಿಗೆ ಎಲ್ಲೋ ಒಂದು ಕಡೆ ಔಷಧಿ ಬಿದ್ದೇ ಇರುತ್ತಿತ್ತು. ಸಿಗುತ್ತಿದ್ದುದು ಬಡಕಲು ಹುಳುಗಳು. ಕೊನೆಗೆ ಮಕ್ತುಮಸಾಬನೇ ನನ್ನನ್ನು ಲಕ್ಕಪ್ಪನ ಹಟ್ಟಿಗೆ ಕರೆದುಕೊಂಡು ಹೋದ. ಲಕ್ಕಪ್ಪನೂ ಅವನೂ ಬಹಳ ವರ್ಷಗಳಿಂದ ಕುರಿಯ ವ್ಯಾಪಾರದಲ್ಲಿ ಕೊಟ್ಟು ತಂದು ಇದ್ದವರು.

ಹಟ್ಟಿ ಇದ್ದದ್ದು ಹುನಗುಂದಕ್ಕೂ ಅಮೀನಗಡಕ್ಕೂ ನಡುವೆ, ರಸ್ತೆಯಿಂದ ಒಳಗೆ, ಗಟ್ಟಿ ಗರಸು ನೆಲದ ಒಂದು ಮರಡಿಯ, ಸಣ್ಣ ದಿಬ್ಬದ, ಮೇಲೆ. ಮಳೆಗಾಲದಲ್ಲಿ ಕಪ್ಪು ಮಣ್ಣಿನ ಎರೆಹೊಲಗಳಲ್ಲಿ ಕುರಿಯ ಕಾಲು ಹೂಳುತ್ತದೆಂದು ಹಿಂಡನ್ನು ಅಲ್ಲಿ ತರುಬಿ ನಿಲ್ಲಿಸುತ್ತಿದ್ದರು. ಲಕ್ಕಪ್ಪನಿಗೆ ಆಗ ಐವತ್ತರ ಹತ್ತಿರ ಇರಬಹುದು. ಮಾತು ಕಡಿಮೆ. ಅವನ ಹೆಂಡತಿ ದ್ಯಾಮವ್ವ ಇಬ್ಬರ ಮಾತನ್ನೂ ಒಬ್ಬಳೇ ಆಡುವವಳು. ಕೈಯಲ್ಲಿ ಯಾವಾಗಲೂ ಕದಿರು ಇರುತ್ತಿತ್ತು. ಉಣ್ಣೆ ನೂಲುತ್ತಲೇ ಬೈಯುತ್ತಿದ್ದಳು, ನೂಲುತ್ತಲೇ ಕುರಿಗಳನ್ನು ಒಂದೊಂದಾಗಿ ಕರೆಯುತ್ತಿದ್ದಳು. ಹಿಂಡಿನಲ್ಲಿ ಎಷ್ಟು ಕುರಿ ಇವೆ ಎಂದು ಮೊದಲ ದಿನವೇ ಕೇಳಿದೆ. ಲಕ್ಕಪ್ಪ ಕೇಳಿಸದವನಂತೆ ಕೂತ. ಹಿಂಡನ್ನು ಬಾಯಿಬಿಟ್ಟು ಎಣಿಸಬಾರದು, ಒಂದೊಂದರ ಮುಖ ಗೊತ್ತಿದ್ದರೆ ಸಾಕು ಎಂದು ದ್ಯಾಮವ್ವ ಹೇಳಿದಳು. ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು, ಮನಸ್ಸಿನಲ್ಲೇ ನಕ್ಕೆ.

ಪ್ರತಿವರ್ಷ ಮಳೆಗಾಲದ ನಡುವೆ ಅವನು ದವಾಖಾನೆಯ ಔಷಧಿಯನ್ನು ಹಿಂಡಿಗೆಲ್ಲ ಕುಡಿಸುತ್ತಿದ್ದ. ಈ ಸಲ ಅದನ್ನು ಸ್ವಲ್ಪ ತಡೆಯಬೇಕು ಎಂದು ನಾನು ಕೇಳಿದೆ. ಹುಳು ಬಲಿತು ಮೊಟ್ಟೆ ಕಟ್ಟಲಿ, ನನಗೆ ಬೇಕಾದಷ್ಟು ತೆಗೆದುಕೊಂಡ ಮೇಲೆ ನಾನೇ ಹೇಳುತ್ತೇನೆ, ಆಗ ಹಾಕಿದರಾಯಿತು. ನಂಬಿಕೆ ಬರಲೆಂದು ಬಾಗಲಕೋಟೆಯಿಂದ ಔಷಧಿಯ ಎರಡು ಡಬ್ಬಗಳನ್ನೂ ತಂದಿದ್ದೆ. ಅವನ್ನು ಅವನ ಮುಂದೆ ಇಟ್ಟೆ. ಕುರಿಮರಿಗಳಿದ್ದಾವೆ, ನೋಡಿ ಹೇಳ್ರಿ ಎಂದು ದ್ಯಾಮವ್ವ ಅಂದಳೆಂದು ನನ್ನ ನೆನಪು. ಅಂದಿರಲಿಕ್ಕಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತೆಂದು ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ಲಕ್ಕಪ್ಪ ಒಳಗೆ ಹೋಗಿ ದೇವರ ಚೀಲದಿಂದ ಒಂದು ಚಿಟಿಕೆ ಭಂಡಾರ ತಂದ. ನನ್ನ ಅಂಗೈ ಬಿಡಿಸಿ ಆ ಅರಿಸಿನದ ಪುಡಿಯನ್ನು ಇಟ್ಟು, ಅದರ ಮೇಲೆ ತನ್ನ ಅಂಗೈ ಇಟ್ಟು ಒತ್ತಿದ.

"ನೀವು ಹಾಕು ಅಂದಾಗ ಹಾಕ್ತೇನ್ರಿ. ಅಲ್ಲೀತನಕ ಡಬ್ಬಿ ಮುಟ್ಟೂದಿಲ್ಲ."

ಓದುವ ಹುಡುಗನಿಗೆ ಒಳ್ಳೆಯದಾಗಲಿ ಎಂಬ ಹರಕೆ ಎಂದು ತಿಳಿದುಕೊಂಡೆ. ನಮ್ಮ ಮನೆಯಲ್ಲಿ ವಿಭೂತಿ ಗೊತ್ತು, ಭಂಡಾರ ಗೊತ್ತಿರಲಿಲ್ಲ. ಕೋಣೆಗೆ ಬಂದು ಅಂಗೈಯ ಹಳದಿಯನ್ನು ಸಾಬೂನು ಹಚ್ಚಿ ತೊಳೆದುಕೊಂಡೆ. ಇದು ಚೆನ್ನಾಗಿ ನೆನಪಿದೆ. ಬಣ್ಣ ಉಗುರಿನ ಸಂದಿಯಲ್ಲಿ ಎರಡು ದಿನ ಉಳಿಯಿತು.

ಜುಲೈ ಕೊನೆಗೆ ಪುಷ್ಯ ಮಳೆ ಸುರಿಯಿತು, ಆಮೇಲಿನ ಅಸಲಿ ಮಳೆ ಬಿಟ್ಟು ಬಿಟ್ಟು ಬಂತು. ಮರಡಿಯ ಮೇಲೆ ಎಂದೂ ಇಲ್ಲದಷ್ಟು ಹುಲ್ಲು ಎದ್ದಿತು. ಬೆಳಿಗ್ಗೆ ಒಂದೊಂದು ಎಸಳಿನ ತುದಿಯಲ್ಲೂ ಹನಿ ನಿಂತಿರುತ್ತಿತ್ತು. ಆ ಹನಿಗಳನ್ನು ಗಾಜಿನ ಪಟ್ಟಿಯ ಮೇಲೆ ತೆಗೆದು ನೋಡಿದರೆ ಅಂಗಿ ತೊಟ್ಟ ಮರಿಗಳು ಹೊರಳಾಡುತ್ತಿದ್ದವು. ಸಂತೋಷದಿಂದ ಎಣಿಸಿ ಬರೆದುಕೊಂಡೆ. ಆ ಹನಿಗಳನ್ನು ಕುರಿಗಳು ಮೇಯುತ್ತಿದ್ದುದನ್ನೂ ನಾನು ನೋಡುತ್ತಿದ್ದೆ.

ಮಘಿ ಮಳೆಯ ಹೊತ್ತಿಗೆ ಲಕ್ಕಪ್ಪ ತಾನಾಗಿ ಒಂದು ಕುರಿಯನ್ನು ಕೊಯ್ಯಿಸಿ ಕೊಟ್ಟ. ಇಳಕಲ್ಲಿನಲ್ಲಿ ಮಕ್ತುಮಸಾಬ ಅದರ ಹೊಟ್ಟೆ ಸೀಳಿದಾಗ ಗೋಡೆಯ ತುಂಬ ಕೆಂಪು ಬಿಳಿ ದಾರಗಳು ಅಲುಗಾಡಿದವು. ಕಿಣ್ವಕ್ಕೆ ಬಿಸಿ ತಾಗಬಾರದು, ತಾಗಿದರೆ ಸಾಯುತ್ತದೆ. ಹುಳುಗಳನ್ನು ಫ್ಲಾಸ್ಕಿನಲ್ಲಿ ಹಾಕಿ, ಸುತ್ತ ಐಸು ತುಂಬಿ, ಬದಾಮಿಗೆ ಹೋಗಿ ರೈಲು ಹಿಡಿದು ಧಾರವಾಡ ಮುಟ್ಟಬೇಕು. ಬದಾಮಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಮೂರು ತಾಸು ತಡವಾಯಿತು. ಮಳೆ ನಿಂತು ಕೆಟ್ಟ ಬಿಸಿಲು ಬಿದ್ದಿತ್ತು. ಫ್ಲಾಸ್ಕನ್ನು ಮಗುವಿನಂತೆ ಎದೆಗವಚಿಕೊಂಡು ಸೋಡಾ ಅಂಗಡಿಗಳನ್ನೆಲ್ಲ ಸುತ್ತಿದೆ. ಐಸು ಇರಲಿಲ್ಲ. ಒಬ್ಬ ಅಂಗಡಿಕಾರ ಮಣ್ಣಿನ ಹರವಿಯ ತಂಪು ನೀರು ಕೊಟ್ಟ, ಒಳಗೆ ಯಾರ ಔಷಧ ಐತಿ ಎಂದು ಕೇಳಿದ. ಏನು ಹೇಳಿದೆನೋ ತಿಳಿಯದು.

ಧಾರವಾಡದಲ್ಲಿ ಹುಳುವನ್ನು ತೆಳ್ಳಗೆ ಕತ್ತರಿಸಿ ದ್ರಾವಣದಲ್ಲಿಟ್ಟು ಕಾದೆ. ಕಿಣ್ವ ಇದ್ದಲ್ಲಿ ಕೆಂಪು ಬಣ್ಣ ಏಳಬೇಕು. ಏಳಲಿಲ್ಲ. ಮತ್ತೆ ಇಟ್ಟೆ, ಏಳಲಿಲ್ಲ. ಗುರುಗಳು ಬಂದು ನೋಡಿ ಹೋದರು.

ಮತ್ತೆ ಹುನಗುಂದಕ್ಕೆ ಬಂದೆ. ಹಟ್ಟಿಗೆ ಹೋದಾಗ ಒಂದು ಕುರಿಯ ಗದ್ದದ ಕೆಳಗೆ ನೀರಿನ ಚೀಲ ಕಟ್ಟಿದಂತೆ ಬಾವು ಇಳಿದಿತ್ತು. ಇನ್ನೆರಡು ಕುರಿಗಳ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದೆ. ಒಳಗೆ ಕೆಂಪಿರಲಿಲ್ಲ, ಸುಣ್ಣದ ನೀರಿನ ಬಣ್ಣ. ರಕ್ತ ಕಡಿಮೆಯಾಗುತ್ತಿರುವ ಗುರುತು. ಟಿಪ್ಪಣಿ ಪುಸ್ತಕದ ಆ ಪುಟವನ್ನು ಗೆದ್ದಲು ತಿಂದಿಲ್ಲ. "ಸೋಂಕು ಉತ್ತಮ" ಎಂದು ಬರೆದುಕೊಂಡಿದ್ದೇನೆ. ಅಕ್ಷರ ನನ್ನದೇ.

ಲಕ್ಕಪ್ಪ ಕೇಳಿದ, "ಈಗ ಹಾಕಲೇನ್ರಿ?"

ಇನ್ನೊಂದು ಮಳೆ ಕಳೆಯುವವರೆಗೆ ತಡೆಯಲು ಹೇಳಿದೆ. ಈ ಸಲ ಹುಳು ಒಯ್ದು ಎಂಟು ದಿನದಲ್ಲಿ ಬಂದು ಹೇಳುತ್ತೇನೆ ಎಂದೆ. ಎಂಟು ದಿನ ಎಂದೆನೇ? ಒಂದು ವಾರ ಎಂದೆನೇ? ಬೇಗ ಬರುತ್ತೇನೆ ಎಂದಷ್ಟೇ ಹೇಳಿದೆನೇ? ದ್ಯಾಮವ್ವ ಕದಿರನ್ನು ನೆಲಕ್ಕಿಟ್ಟು, ಡಬ್ಬಿಯಲ್ಲೇ ಇಟ್ಟು ಪೂಜೆ ಮಾಡೋಣೇನು ಎಂದು ಗಂಡನನ್ನು ಹಂಗಿಸಿದ್ದು ಖರೆ. ಅವನು ಅವಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಆ ಎರಡು ಡಬ್ಬಗಳು ಗುಡಿಸಲಿನ ತೊಲೆಗೆ ಹಗ್ಗದಲ್ಲಿ ತೂಗಾಡುತ್ತಿದ್ದವು.

ಲಕ್ಕಪ್ಪ ಇನ್ನೊಂದು ಕುರಿ ಕೊಟ್ಟ. ಎರಡನೆಯ ಸಲ ತಪ್ಪು ಮಾಡಲಿಲ್ಲ. ಮಕ್ತುಮಸಾಬ ಐಸಿನ ಗಡ್ಡೆಯನ್ನು ಭತ್ತದ ಹೊಟ್ಟಿನಲ್ಲಿ ಹೂತು ಗೋಣಿಯಲ್ಲಿ ಕಟ್ಟಿಕೊಟ್ಟ. ಬದಾಮಿಯ ದಾರಿ ಬಿಟ್ಟು ಬಾಗಲಕೋಟೆಗೆ ಹೋಗಿ ಅಲ್ಲಿ ಮತ್ತೆ ಐಸು ತುಂಬಿಸಿ ಮುಂದೆ ಹೋದೆ. ಮರುದಿನ ಮಧ್ಯಾಹ್ನ ಸೂಕ್ಷ್ಮದರ್ಶಕದ ಕೆಳಗೆ ಹೆಣ್ಣುಹುಳುವಿನ ಬಸಿರಿನ ಗೋಡೆ ಮೆಲ್ಲಗೆ ಕೆಂಪಾಯಿತು. ಮೊದಲು ಅಂಚಿನಲ್ಲಿ, ಆಮೇಲೆ ಮೊಟ್ಟೆಗಳ ಸುತ್ತ ಒಂದೊಂದು ತೆಳ್ಳನೆಯ ಬಳೆ. ನಾನು ಕೂಗಿಕೊಂಡಿರಬೇಕು, ಪಕ್ಕದ ಕೋಣೆಯವರು ಓಡಿಬಂದರು. ಗುರುಗಳು ಕಣ್ಣು ಹಚ್ಚಿ ಬಹಳ ಹೊತ್ತು ನೋಡಿ ನನ್ನ ಹೆಗಲ ಮೇಲೆ ಕೈ ಇಟ್ಟರು. ಮೂರು ವರ್ಷಗಳಲ್ಲಿ ಅದೇ ಮೊದಲು.

ಅಲ್ಲಿಂದ ನಾನು ಏಳಲಿಲ್ಲ. ಕಿಣ್ವವನ್ನು ತಡೆಯುವ ರಾಸಾಯನಿಕ ಹಾಕಿ ನೋಡಬೇಕು, ಹಾಕದೆಯೂ ನೋಡಬೇಕು, ಕುದಿಸಿದ ಹುಳುವಿನ ಜೊತೆ ಹೋಲಿಸಬೇಕು, ಎಲ್ಲವನ್ನೂ ಮೂರು ಮೂರು ಸಲ ಮಾಡಬೇಕು. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಎಂಟು ದಿನ ಹದಿನೆಂಟಾಯಿತು, ಹದಿನೆಂಟು ಇಪ್ಪತ್ತೆಂಟಾಯಿತು. ಮಘಿಯ ಮುಂದಿನ ಹುಬ್ಬಿ ಮಳೆ ಧಾರವಾಡದ ಹೆಂಚುಗಳ ಮೇಲೆ ಸುರಿದದ್ದು ನನಗೆ ಕೇಳಿಸುತ್ತಿತ್ತು. ಅದೇ ಮಳೆ ಮರಡಿಯ ಹುಲ್ಲಿನ ಮೇಲೂ ಬೀಳುತ್ತಿದೆ ಎಂಬುದು ತಲೆಗೆ ಬಂದಿತೋ ಇಲ್ಲವೋ.

ಮಕ್ತುಮಸಾಬ ಯಾರಿಂದಲೋ ಬರೆಸಿದ ಒಂದು ಕಾರ್ಡು ನನ್ನ ಬಳಿ ಇಂದಿಗೂ ಇದೆ. ಲಕ್ಕಪ್ಪನ ಕುರಿಗಳ ರಕ್ತ ನೀರಾಗಿದೆ, ಕೂಡಲೇ ಬರಬೇಕು. ಇಷ್ಟೇ. ಅದನ್ನು ನಾನು ಯಾವಾಗ ಓದಿದೆ? ಕೆಲವು ದಿನ ನನಗೆ ಸ್ಪಷ್ಟವಾಗಿ ಕಾಣುತ್ತದೆ: ವಿಭಾಗದ ಮೆಟ್ಟಿಲ ಮೇಲೆ ನಿಂತು ಓದುತ್ತೇನೆ, ಇನ್ನೆರಡು ದಿನ, ಈ ಒಂದು ಸರಣಿ ಮುಗಿಸಿ ಹೋಗುತ್ತೇನೆ ಎಂದುಕೊಳ್ಳುತ್ತೇನೆ, ಕಾರ್ಡನ್ನು ಪುಸ್ತಕದೊಳಗೆ ಇಡುತ್ತೇನೆ. ಬೇರೆ ದಿನಗಳಲ್ಲಿ ಅಷ್ಟೇ ಸ್ಪಷ್ಟವಾಗಿ ಇನ್ನೊಂದು ಕಾಣುತ್ತದೆ: ಎಲ್ಲ ಮುಗಿದು ಧಾರವಾಡಕ್ಕೆ ಮರಳಿದ ಮೇಲೆ ಜವಾನ ಅದನ್ನು ಕೈಗೆ ಕೊಡುತ್ತಾನೆ. ಎರಡರಲ್ಲಿ ಒಂದು ಮಾತ್ರ ನಡೆದಿರಬೇಕು. ಕಾರ್ಡಿನ ಮೇಲೆ ಅಂಚೆಯ ಮುದ್ರೆ ಇದೆ, ಅದರ ಮೇಲೆಯೇ ನನ್ನ ರಾಸಾಯನಿಕದ ಕಲೆ ಬಿದ್ದು ತಾರೀಖು ಅಳಿಸಿದೆ. ಭೂತಗನ್ನಡಿ ಹಿಡಿದು ನೋಡಿದ್ದೇನೆ, ಬಣ್ಣದ ಬೆಳಕಿನಲ್ಲಿ ನೋಡಿದ್ದೇನೆ. ಕಲೆ ನನ್ನ ಮೇಜಿನ ಮೇಲೆ ಬಿದ್ದದ್ದು. ಹಾಗಾದರೆ ಕೆಲಸ ನಡೆಯುತ್ತಿದ್ದಾಗಲೇ ಕಾರ್ಡು ಮೇಜಿನ ಮೇಲಿತ್ತೇ? ಇಲ್ಲ, ಆಮೇಲೂ ಕೆಲಸ ನಡೆದಿತ್ತು. ಇದಕ್ಕಿಂತ ಮುಂದೆ ನನ್ನ ತರ್ಕ ಹೋಗುವುದಿಲ್ಲ.

ಸೆಪ್ಟೆಂಬರಿನ ಉತ್ತರಿ ಮಳೆಯಲ್ಲಿ ಹಟ್ಟಿಗೆ ಹೋದೆ. ಬಸ್ಸಿನಿಂದ ಇಳಿದು ನಡೆಯುವಾಗಲೇ ಮರಡಿಯ ಮೇಲೆ ಹದ್ದುಗಳು ಕೂತಿದ್ದುದು ಕಂಡಿತು. ಹಿಂಡು ಎದ್ದು ನಿಂತಿರಲಿಲ್ಲ, ಮಲಗಿತ್ತು. ನಿಂತವು ಕೂಡ ತಲೆಯನ್ನು ನೆಲಕ್ಕೆ ಊರಿಕೊಂಡು ನಿಂತಿದ್ದವು. ಮರಿಗಳು ಒಂದೂ ಇರಲಿಲ್ಲ. ಲಕ್ಕಪ್ಪ ಒಂದು ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ನಿಲ್ಲಲಿಕ್ಕೆ ನೋಡಿದ, ತಲೆಯನ್ನು ಕೆಳಗಿಡಲು ಮನಸ್ಸಾಗದೆ ಹಾಗೆಯೇ ಕೂತ.

"ಈಗ ಹಾಕಲೇನ್ರಿ?" ಅಂದ.

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಾಕು, ಹಾಕು ಎಂದು ನಾನು ಕಿರುಚಿದೆ. ಔಷಧಿ ಮನೆಯಲ್ಲೇ ಇತ್ತಲ್ಲ, ಸಾಯುತ್ತಿದ್ದರೂ ಯಾಕೆ ಹಾಕಲಿಲ್ಲ ಎಂದು ಅವನ ಮೇಲೆಯೇ ಸಿಟ್ಟು ಮಾಡಿದೆ. ದ್ಯಾಮವ್ವ ಆಗಲೇ ತೊಲೆಯಿಂದ ಡಬ್ಬ ಬಿಚ್ಚಿದ್ದಳು. ಮೂವರೂ ಸೇರಿ ಸಂಜೆಯವರೆಗೆ ಬಿದಿರಿನ ನಳಿಗೆಯಿಂದ ಕುಡಿಸಿದೆವು. ಕೆಲವು ಕುರಿಗಳು ಔಷಧಿ ಗಂಟಲಲ್ಲಿರುವಾಗಲೇ ಸತ್ತವು. ಬದುಕಿ ಉಳಿದದ್ದು ಹಿಂಡು ಎನ್ನುವಷ್ಟಿರಲಿಲ್ಲ. ಎಷ್ಟು ಸತ್ತವು ಎಂದು ಲಕ್ಕಪ್ಪನನ್ನು ಕೇಳಿದೆ. ಅವನು ಎಣಿಕೆ ಹೇಳಲಿಲ್ಲ. ಕರಿಮೂತಿ, ಸೀಳುಗಿವಿ, ಹಣೆಚುಕ್ಕಿ, ಅದರ ಮಗಳು, ಕುಂಟಿ ಎಂದು ಒಂದೊಂದನ್ನೇ ಹೇಳುತ್ತ ಹೋದ. ಕೆಲವು ಹೆಸರಾದ ಮೇಲೆ ನಿಂತುಬಿಟ್ಟ. ಹೀಗಾಗಿ ಆ ಮಳೆಗಾಲದ ಹುಳುಗಳೆಲ್ಲ ನನ್ನ ಪುಸ್ತಕದಲ್ಲಿ ಲೆಕ್ಕದಲ್ಲಿವೆ, ಕುರಿಗಳು ಇಲ್ಲ.

ಕೊನೆಗೆ ಸತ್ತ ಕುರಿಯನ್ನು ದ್ಯಾಮವ್ವ ನನ್ನ ಮುಂದೆ ಎಳೆದು ತಂದಳು. ಕುಡುಗೋಲಿನಿಂದ ಹೊಟ್ಟೆ ಸೀಳಿ, ನಾಲ್ಕನೆಯದನ್ನು ಸರಿಯಾಗಿ ಹುಡುಕಿ, ಅಂಗೈಗಳಲ್ಲಿ ಅಗಲಿಸಿ ಹಿಡಿದಳು. ನನ್ನನ್ನು ನೋಡಿ ನೋಡಿ ಅವಳು ಅದನ್ನು ಕಲಿತಿದ್ದಳು.

"ತಗೋರಿ. ಇವು ನಿಮ್ಮವು. ನಾವು ಸಾಕಿ ಕೊಟ್ಟೀವಿ."

ನಾನು ತೆಗೆದುಕೊಂಡೆ. ಇದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಫ್ಲಾಸ್ಕು ತಂದಿದ್ದೆ, ಐಸೂ ತಂದಿದ್ದೆ. ಪ್ರಬಂಧದಲ್ಲಿ ಬಣ್ಣದ ಚಿತ್ರವಾಗಿ ಅಚ್ಚಾದದ್ದು ಆ ದಿನದ ಹುಳು.

ಮರುದಿನ ಇಳಕಲ್ಲಿನಲ್ಲಿ ಮಕ್ತುಮಸಾಬ ನನ್ನೊಡನೆ ತಮಾಷೆ ಮಾಡಲಿಲ್ಲ. ಎರಡು ಸಲ ಹಟ್ಟಿಗೆ ಹೋಗಿ ಔಷಧಿ ಹಾಕೆಂದು ಹೇಳಿದ್ದನಂತೆ. ಕೊನೆಗೆ ಲಕ್ಕಪ್ಪನ ಕಾಲು ಹಿಡಿದಿದ್ದನಂತೆ. ಆಮೇಲೆ ಕೇಳಿದ:

"ನಿಮ್ಮ ಅಂಗೈ ಮ್ಯಾಲೆ ಭಂಡಾರ ಇಟ್ಟಿದ್ನೇನ್ರಿ?"

ಹೌದೆಂದೆ.

"ಹಂಗಾರ ಆ ಆಣಿ ನೀವ ಬಂದು ಬಿಡಸಬೇಕಿತ್ತು. 'ಅವರಿಗೆ ಮಾತ ಕೊಟ್ಟೀನಿ, ಅವರ ಬಾಯಿಂದ ಬರಲಿ' ಅಂದ. ನಿಮಗ ಇಷ್ಟೂ ಗೊತ್ತಿರಲಿಲ್ಲ?"

ಗೊತ್ತಿರಲಿಲ್ಲ. ಗೊತ್ತಿದ್ದರೆ ಎಂಟು ದಿನಕ್ಕೆ ಬರುತ್ತಿದ್ದೆನೇ ಎಂದು ಕೇಳಿಕೊಂಡರೆ, ಬರುತ್ತಿದ್ದೆ ಎಂಬ ಉತ್ತರ ತಡಮಾಡದೆ ಬರುತ್ತದೆ. ತಡಮಾಡದೆ ಬರುವ ಉತ್ತರಗಳನ್ನು ನಾನು ನಂಬುವುದಿಲ್ಲ.

ಪದವಿ ಬಂತು, ಕೆಲಸ ಬಂತು. ನಾಲ್ಕೈದು ವರ್ಷಗಳಲ್ಲಿ ಆ ಕಿಣ್ವದ ಬಗ್ಗೆ ಬೇರೆ ಮಾತುಗಳು ಕೇಳಿಬರತೊಡಗಿದವು. ಶುದ್ಧವಾಗಿ ಬೇರ್ಪಡಿಸಿದ ಅಮಿನೋಪೆಪ್ಟಿಡೇಸ್ ಒಂದರಿಂದಲೇ ಮರಿಯ ಅಂಗಿ ಬಿಚ್ಚುವುದಿಲ್ಲ, ಆ ರಸದಲ್ಲಿ ಅಂಗಿಯನ್ನು ಕರಗಿಸುವುದು ಬೇರೆ ಯಾವುದೋ ಕಿಣ್ವ ಎಂದು ಬಲ್ಲವರು ಹೇಳತೊಡಗಿದರು. ಬಸಿರಿನ ಗೋಡೆಯಲ್ಲಿ ನಾನು ಕಂಡ ಕೆಂಪು ಸುಳ್ಳಲ್ಲ, ಆದರೆ ಅದಕ್ಕೆ ನಾನು ಕೊಟ್ಟ ಅರ್ಥ ನಿಲ್ಲಲಿಲ್ಲ. ಅಂಥ ಕೆಂಪು ಹುಳುವಿನ ಕರುಳಿನಲ್ಲೂ ಇತ್ತು, ಇನ್ನೂ ಎಷ್ಟೋ ಪ್ರಾಣಿಗಳ ಎಷ್ಟೋ ಗೋಡೆಗಳಲ್ಲೂ ಇರುತ್ತದೆ. ನನ್ನ ಪ್ರಬಂಧವನ್ನು ಯಾರೂ ತಪ್ಪೆಂದು ತೋರಿಸಲಿಲ್ಲ. ಯಾರೂ ತೆರೆದು ನೋಡಲಿಲ್ಲ, ಅಷ್ಟೇ.

ಅಮೀನಗಡದ ಆ ಸಂತೆಯಲ್ಲಿ ಕಂಬಳಿಯ ಮುದುಕನ ಹಿಂದೆ ಹೋಗಿ ಲಕ್ಕಪ್ಪನ ಬಗ್ಗೆ ಕೇಳಿದೆ. ಅವನು ಟಗರುಗಳ ಹಗ್ಗ ಬಿಡದೆಯೇ ಹೇಳಿದ. ಹಿಂಡು ಹೋದ ಮೇಲೆ ಲಕ್ಕಪ್ಪ ಇಳಕಲ್ಲಿಗೆ ಹೋಗಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕೆ ನಿಂತನಂತೆ, ಅಲ್ಲಿಯ ಧೂಳು ಎದೆಗೆ ಇಳಿದು ಹೋದ ವರ್ಷ ತೀರಿಕೊಂಡನಂತೆ. ದ್ಯಾಮವ್ವ ಅಲ್ಲೇ ಮಗಳ ಮನೆಯಲ್ಲಿದ್ದಾಳೆ. ಟಯರು ಹಾಕಿದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹೇಗೂ ನಾನು ಇಳಕಲ್ಲಿಗೇ ಹೊರಟವನು, ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು.

ನೇಕಾರರ ಓಣಿಯಲ್ಲಿ ಮನೆ ಸಿಕ್ಕಿತು. ಮಗಳು ಯಾರದೋ ಮಗ್ಗಕ್ಕೆ ಹೋಗಿದ್ದಳು. ದ್ಯಾಮವ್ವ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತು ಸೀರೆಯ ಕೆಂಪು ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಗುರುತು ಹಿಡಿಯಲಿಕ್ಕೆ ಹೊತ್ತು ಬೇಕಾಯಿತು. ಹಿಡಿದ ಮೇಲೆ ಚಾಪೆ ಹಾಸಿ, ನೀರು ಕೊಟ್ಟು, ಹುಳದ ಸಾಹೇಬ್ರ ಕೂದಲ ಬೆಳ್ಳಗಾಗ್ಯಾವಲ್ಲ ಎಂದಳು. ಬೈಯಲಿಲ್ಲ. ಮಕ್ತುಮಸಾಬ ಅಂಗಡಿ ಮಗನಿಗೆ ಬಿಟ್ಟದ್ದು, ಮಗಳ ಮೊಣಕಾಲು ನೋವು, ಓಣಿಯ ನೀರಿನ ತೊಂದರೆ ಎಲ್ಲ ಹೇಳಿದಳು. ನಾನು ಬಂದದ್ದು ಒಂದನ್ನು ಕೇಳಲಿಕ್ಕೆ. ಮರಿಗಳು ಸತ್ತದ್ದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದವಳು ಇವಳೊಬ್ಬಳೇ. ಆ ಮಳೆಗಾಲದಲ್ಲಿ ಮಕ್ತುಮಸಾಬನಿಂದ ನನಗೆ ಕಾರ್ಡು ಹಾಕಿಸಿದ್ದು ಯಾವ ಮಳೆಯಲ್ಲಿ, ಮರಿಗಳು ಸಾಯುವ ಮೊದಲೋ ಆಮೇಲೋ?

"ಕಾಗದದ್ದು ನನಗ ಗೊತ್ತಿಲ್ರಿ," ಅಂದಳು. "ಕಾಗದ ಯಾಕ್ರಿ, ನಮ್ಮ ಮನಿಯವರ ಹೋಗಿದ್ರಲ್ಲ ಧಾರವಾಡಕ್ಕ."

ಲಕ್ಕಪ್ಪ ನನಗೆ ಭೇಟಿಯಾಗಲಿಲ್ಲವಲ್ಲ ಎಂದೆ.

"ಭೆಟ್ಟಿ ಆಗಲಿಲ್ರಿ, ನೋಡಿ ಬಂದ್ರು. ಕೇಳ್ಕೋತ ಕೇಳ್ಕೋತ ಹೋಗಿ ನಿಮ್ಮ ಸಾಲಿ ಮುಟ್ಟಿದ್ರು. ಕಿಟಕಿಯಾಗ ನೀವು ಕಂಡ್ರಂತ, ಯಂತ್ರಕ್ಕ ಕಣ್ಣ ಹಚ್ಚಿ ಕುಂತಿದ್ರಂತ. ಹೊರಗ ನಿಂತ್ರು. ಊಟದ ಹೊತ್ತಾತು, ನೀವು ತಲಿ ಎತ್ತಲಿಲ್ಲ. ಹೊತ್ತು ಇಳೀತು, ಬಸ್ಸಿನ ಟೈಮ್ ಆತು, ತಿರುಗಿ ಬಂದ್ರು."

ಯಾಕೆ ಕರೆಯಲಿಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಅವನ ಮೇಲೆ ಮತ್ತೆ ಸಿಟ್ಟು ಮಾಡುವವನ ದನಿಯಂತೆ ಇತ್ತು.

"ಅದನ್ನ ನಾನೂ ಕೇಳಿ ಜಗಳಾ ತಗದ್ನಿರಿ. ಒಂದು ಮಾತು ಬಾಯಿ ಬಿಟ್ಟಿದ್ರ ಏನಾಗ್ತಿತ್ತು ಅಂತ. ಅವರು ಏನಂದ್ರು ಗೊತ್ತೇನ್ರಿ? 'ನಮ್ಮ ಕುರೀ ಹುಳಾನ ನೋಡಾಕತ್ತಾರ, ಔಷಧ ಹುಡುಕಾಕತ್ತಾರ. ಇಂಥಾದ್ರಾಗ ನಡುವ ಹೆಂಗ ಕರೀಲಿ' ಅಂದ್ರು."

ರಾಟಿ ನಿಂತಿರಲಿಲ್ಲ, ಅವಳ ಕೈ ತನ್ನಷ್ಟಕ್ಕೆ ತಿರುಗಿಸುತ್ತಿತ್ತು. ಆ ದಿನ ನನ್ನ ಕಣ್ಣಿನ ಕೆಳಗೆ ಏನಿತ್ತೆಂದು ನನಗೆ ಗೊತ್ತು. ಹೆಣ್ಣುಹುಳುವಿನ ಬಸಿರು ಇತ್ತು, ಅದರ ಕೆಂಪು ಎಷ್ಟು ಗಾಢ ಎಂದು ಒಂದರಿಂದ ನಾಲ್ಕರವರೆಗೆ ಅಂಕ ಹಾಕುತ್ತಿದ್ದೆ. ಈಗ ಕಣ್ಣು ಮುಚ್ಚಿದರೆ ಕಿಟಕಿಯ ಆಚೆ ಒಬ್ಬ ಮನುಷ್ಯ ನಿಂತಿರುವುದು ಕಾಣುತ್ತದೆ, ಬೆಳಕು ಸ್ವಲ್ಪ ಮರೆಯಾದದ್ದೂ, ನಾನು ಸೂಕ್ಷ್ಮದರ್ಶಕದ ಕನ್ನಡಿಯನ್ನು ಬೆಳಕಿನ ಕಡೆ ತಿರುಗಿಸಿಕೊಂಡದ್ದೂ ನೆನಪಾಗುತ್ತದೆ. ದ್ಯಾಮವ್ವ ಹೇಳುವ ಮೊದಲು ಈ ನೆನಪು ನನ್ನಲ್ಲಿ ಇರಲಿಲ್ಲ. ಇದ್ದಿರಬಹುದೇ? ಬೆಳಕು ಮರೆಯಾದಾಗ ನಾನು ತಲೆ ಎತ್ತಿ ನೋಡಿ, ಅವನನ್ನು ಕಂಡು, ಮತ್ತೆ ತಲೆ ತಗ್ಗಿಸಿರಬಹುದೇ?

"ಸಿಕ್ತೇನ್ರಿ ಆಮ್ಯಾಲೆ, ಔಷಧ?" ದ್ಯಾಮವ್ವ ಕೇಳಿದಳು.

ನಾನು ಹುಡುಕುತ್ತಿದ್ದುದು ಔಷಧಿಯನ್ನಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲವ್ವಾ."

ಅವಳು ಕಡಿದ ಎಳೆಯನ್ನು ತುಟಿಗೆ ಹಚ್ಚಿ ಒದ್ದೆ ಮಾಡಿ ಮತ್ತೆ ಹೊಸೆದು ಕೂಡಿಸಿದಳು.

"ನೀವು ಭಾಳ ಹೊತ್ತು ಯಂತ್ರದ ಮುಂದ ಕುಂತಿದ್ರಂತಲ್ರಿ, ಪಾಪ," ಅಂದಳು.